ಆರು ಹಾಳೆಗಳ ಹೇಸಿಗೆ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಹೆಣ್ಣು ನೋಡಲು ಬಂದಿದ್ದ ಲಿಫ್ಟ್ ಮೆಕ್ಯಾನಿಕನ ತಾಯಿ ಕೈಚೀಲದ ಜಿಪ್ ಎಳೆದು, ನಾಲ್ಕಾಗಿ ಮಡಚಿದ್ದ ಆರು ಹಾಳೆಗಳನ್ನು ಹೊರತೆಗೆದರು.

ಕನ್ನಡಕ ಏರಿಸಿಕೊಂಡರು. ನಾಲಗೆಗೆ ಬೆರಳು ತಾಗಿಸಿ ಹಾಳೆ ತಿರುವಿದರು.

ಆ ಒದ್ದೆ ಬೆರಳನ್ನು ನೋಡಿಯೇ ಗುಬ್ಬಿಗೆ ಹೊಟ್ಟೆ ತೊಳಸಿದಂತಾಯಿತು.

ಗುಬ್ಬಿ ಎನ್ನುವುದು ಮನೆಯವರು ಕರೆಯುವ ಹೆಸರು. ವಯಸ್ಸು ಇಪ್ಪತ್ತೊಂಬತ್ತು. ರಕ್ತ, ಮೂತ್ರ ಪರೀಕ್ಷಿಸುವ ಲ್ಯಾಬಿನಲ್ಲಿ ಆರು ವರ್ಷದಿಂದ ಕೆಲಸ. ಅಷ್ಟು ಸುಲಭವಾಗಿ ಹೊಟ್ಟೆ ತೊಳಸುವ ಹೆಂಗಸಲ್ಲ. ದಿನಕ್ಕೆ ನಲವತ್ತು ಡಬ್ಬಿಗಳ ಮುಚ್ಚಳ ತೆರೆಯುತ್ತಾಳೆ. ಯಾವುದರಲ್ಲಿ ಏನಿರುತ್ತದೆ ಎಂದು ಊಟದ ಹೊತ್ತಿನಲ್ಲಿ ಹೇಳುವಂತಿಲ್ಲ.

"ಇದು ನೀನೇ ಬರೆದಿದ್ದು ತಾನೇ?" ಹುಡುಗನ ತಾಯಿ ಕೇಳಿದರು.

ಕೇಳಿದವರು ಉತ್ತರಕ್ಕೆ ಕಾಯಲಿಲ್ಲ. ಓದತೊಡಗಿದರು.

"'ಅಬ್ಬಾ ಕೊನೇ ತಿಂಗಳು ಹಾಸಿಗೆಯಲ್ಲೇ ಇದ್ರು. ಒಂದು ಬೆಳಿಗ್ಗೆ ಅವರನ್ನ ಒರೆಸಿ ಬಟ್ಟೆ ಬದಲಿಸಬೇಕಿತ್ತು. ಅಮ್ಮಿ ಔಷಧಿ ತರೋಕೆ ಹೋಗಿದ್ರು. ದಿನಾ ನಲವತ್ತು ಡಬ್ಬಿ ತೆರೆಯೋ ನಾನು ಅಬ್ಬಾ ಹತ್ತಿರ ಹೋಗಲಾರದೆ ಬಾಗಿಲ ಹೊರಗೆ ನಿಂತೆ. ಇಪ್ಪತ್ತು ನಿಮಿಷ. ಅಬ್ಬಾ ಒಂದು ಸಲ ನನ್ನ ಕರೆದ್ರು. ಕೇಳಿಸದವಳ ಹಾಗೆ ಇದ್ದೆ. ಅಮ್ಮಿಗೆ ಇವತ್ತಿಗೂ ಹೇಳಿಲ್ಲ...'"

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಗುಬ್ಬಿಯ ತಾಯಿ, ಅಮ್ಮಿ, ಕೂತಿದ್ದರು. ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು.

ಹುಡುಗನ ತಾಯಿ ಕನ್ನಡಕ ತೆಗೆದರು.

"ನಾನು ಮುಚ್ಚಿಟ್ಟು ಮಾತಾಡೋಳಲ್ಲ. ಹೆತ್ತ ಅಪ್ಪನನ್ನೇ ಮುಟ್ಟೋಕೆ ಹೇಸಿದವಳು, ನಾಳೆ ನಾನು ಹಾಸಿಗೆ ಹಿಡಿದ್ರೆ ಏನು ಮಾಡ್ತಾಳೆ? ಕೇಳೋದು ತಪ್ಪಾ? ನೀವೇ ಹೇಳಿ."

ಗುಬ್ಬಿ ಅವರತ್ತ ನೋಡಲಿಲ್ಲ. ಮೆಕ್ಯಾನಿಕನತ್ತ ನೋಡಿದಳು.

ನಾಲ್ಕು ತಿಂಗಳು ಮೆಸೇಜಿನಲ್ಲಿ ಮಾತಾಡಿದ್ದವನು. ಇವತ್ತೇ ಮೊದಲ ಸಲ ಎದುರಿಗೆ ಕೂತವನು. ಅವನು ಜಮಖಾನೆಯ ಒಂದು ದಾರವನ್ನು ದಿಟ್ಟಿಸುತ್ತಿದ್ದ. ಕಿವಿ ಕೆಂಪಾಗಿತ್ತು. ಬಾಯಿ ಮಾತ್ರ ಹೊಲಿದಂತಿತ್ತು.

'ಇವನು ಕೊಟ್ಟಿದ್ದಾನೆ... ಪ್ರಿಂಟ್ ತೆಗೆದು ಕೊಟ್ಟಿದ್ದಾನೆ!'

ಗುಬ್ಬಿ ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿದಳು. ಮುಖ ತೊಳೆದು ಹೊರಬರುವಷ್ಟರಲ್ಲಿ ಅತಿಥಿಗಳು ಚಪ್ಪಲಿ ಮೆಟ್ಟಿಕೊಂಡು ಹೋಗಿಯಾಗಿತ್ತು.

ಚಾಚಾ, ಅಂದರೆ ಅಬ್ಬಾನ ತಮ್ಮ, ಬಿಸ್ಕತ್ತು ಸಾಲದೆಂದು ಅಂಗಡಿಗೆ ಹೋದವರು ಆಗ ಒಳಗೆ ಬಂದರು. ಎರಡು ಪೊಟ್ಟಣ ಕೈಯಲ್ಲಿತ್ತು.

"ಇದೇನು, ಇಷ್ಟು ಬೇಗ ಹೊರಟೇ ಬಿಟ್ರಾ?"

"ಸರಿ ಬರಲಿಲ್ಲ," ಎಂದರು ಅಮ್ಮಿ. ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಲಿಲ್ಲ.

ಚಾಚಾ ಒಂದು ಬಿಸ್ಕತ್ತು ತಿಂದು, ನಿಧಾನಕ್ಕೆ ಎಲ್ಲ ಸರಿಹೋಗುತ್ತದೆ ಎಂದು ಮನೆಗೆ ಹೋದರು.

* * *

ಇಬ್ಬರ ಪರಿಚಯವಾಗಿದ್ದು ಮುಸಲ್ಮಾನರ ಮದುವೆಗೆಂದೇ ಇರುವ ಒಂದು ಆ್ಯಪಿನಲ್ಲಿ. ಅದರಲ್ಲಿ ಒಂದು ಏರ್ಪಾಡಿದೆ. ಹುಡುಗಿ ಬಯಸಿದರೆ ತನ್ನ ವಲಿಯ, ಅಂದರೆ ಮದುವೆಯಲ್ಲಿ ತನ್ನ ಪರವಾಗಿ ನಿಲ್ಲುವ ಹಿರಿಯರ, ಹೆಸರು ಸೇರಿಸಬಹುದು. ಆಗ ಹುಡುಗ ಹುಡುಗಿ ಆಡಿದ ಅಷ್ಟೂ ಮಾತಿನ ನಕಲು ಪ್ರತಿ ಶುಕ್ರವಾರ ಆ ಹಿರಿಯರ ಇಮೇಲಿಗೆ ಹೋಗುತ್ತದೆ. ಈ ವಿಷಯ ಹುಡುಗನಿಗೂ ಗೊತ್ತಿರುತ್ತದೆ. ಪೋಲಿಗಳು ಅಷ್ಟಕ್ಕೇ ಅರ್ಧ ಉದುರಿಹೋಗುತ್ತಾರೆ.

ಉಳಿದರ್ಧ ಉದುರುವುದಿಲ್ಲ. ಅದು ಗುಬ್ಬಿಗೆ ಎರಡು ವರ್ಷದ ಅನುಭವ.

ಒಬ್ಬ ಸಲಾಂ ಹೇಳಿದ ಮೂರನೇ ಸಾಲಿನಲ್ಲಿ ಕಾಲಿನ ಫೋಟೋ ಕೇಳಿದ್ದ. ಪಾದ ನೋಡಿದರೆ ಹೆಣ್ಣಿನ ಗುಣ ತಿಳಿಯುತ್ತದಂತೆ. ಇನ್ನೊಬ್ಬನ ಅಕ್ಕ ಮನೆಗೆ ಬಂದವಳು, ಅಡುಗೆಮನೆಯಲ್ಲಿ ಗುಬ್ಬಿಯ ಸ್ಕಾರ್ಫಿನ ಒಳಗೆ ಕೈ ಹಾಕಿ ಜಡೆ ಎಳೆದು ನೋಡಿದ್ದಳು. ಮೂರನೆಯವನು ಓದಿದವನು, ಗಂಭೀರ, ದೊಡ್ಡ ದೊಡ್ಡ ವಾಕ್ಯ ಬರೆಯುವವನು. ನಾಲ್ಕನೇ ದಿನ ಅವನು ಕೇಳಿದ್ದ: "ನಿಮ್ಮ ಲ್ಯಾಬಿಗೆ ಹೋದ ವಾರ ಇನ್ನೊಂದು ಹುಡುಗಿ ಬಂದಿದ್ದಳು. ಅವಳ ಪ್ರೊಫೈಲೂ ನಮ್ಮ ಮನೆಯಲ್ಲಿ ನೋಡ್ತಿದಾರೆ. ಅವಳ ರಿಪೋರ್ಟಿನಲ್ಲಿ ಏನಾದ್ರೂ ದೋಷ ಇದೆಯಾ ಅಂತ ಸ್ವಲ್ಪ ನೋಡಿ ಹೇಳ್ತೀರಾ?"

ಆ ದಿನ ಗುಬ್ಬಿ ಫೋನನ್ನು ಸ್ಪಿರಿಟ್ ಹಾಕಿ ಒರೆಸಿದಳು. ನಿಜವಾಗಿಯೂ ಒರೆಸಿದಳು.

ಹೀಗಿರುವಾಗ ಬಂದವನು ಲಿಫ್ಟ್ ಮೆಕ್ಯಾನಿಕ್. ಅವನ ಮೊದಲ ಮೆಸೇಜು ಇಷ್ಟೇ: "ಪ್ರೊಫೈಲಿನಲ್ಲಿ ಲ್ಯಾಬ್ ಕೆಲಸ ಅಂತ ಇದೆ. ನಾನು ಲಿಫ್ಟಿನ ಕೆಳಗಿರೋ ಗುಂಡಿಗೆ ಇಳಿದು ಕೆಲಸ ಮಾಡೋನು. ಇವತ್ತು ಒಂದು ಹಲ್ಲು ಸೆಟ್ ಸಿಕ್ಕಿತು. ಮೇಲಿನ ಸಾಲು ಮಾತ್ರ. ಇದಕ್ಕಿಂತ ಕೆಟ್ಟದ್ದು ನಿಮ್ಮ ಹತ್ತಿರ ಇದೆಯಾ?"

ಇತ್ತು. ಗುಬ್ಬಿ ಬರೆದಳು: "ಇವತ್ತು ಒಬ್ಬರು ಮಲದ ಸ್ಯಾಂಪಲ್ಲನ್ನ ಊಟದ ಡಬ್ಬಿಯಲ್ಲಿ ತಂದು, ಡಬ್ಬಿ ತೊಳೆದು ವಾಪಸ್ ಕೊಡಿ ಅಂದ್ರು."

"ನೀವೇ ಗೆದ್ರಿ."

ಅಲ್ಲಿಂದ ಅದೊಂದು ಪಂದ್ಯವೇ ಆಯಿತು. ಹೂವು, ಚಂದ್ರ, ಕವಿತೆ ಯಾವುದೂ ಇಲ್ಲ. ಪ್ರತಿ ಸಂಜೆ ಇಬ್ಬರೂ ಆ ದಿನ ಕಂಡ ಅತಿ ಹೇಸಿಗೆಯ ಸಂಗತಿ ಹೇಳಬೇಕು. ಸೋತವರು ಒಂದು ನಿಜ ಹೇಳಬೇಕು. ಅವನು ಸತ್ತ ಇಲಿಯ ಲೆಕ್ಕ ಕೊಡುತ್ತಿದ್ದ, ಅವಳು ಕಫದ ಬಣ್ಣ ವರ್ಣಿಸುತ್ತಿದ್ದಳು. ನಗುತ್ತ ನಗುತ್ತ ಗುಬ್ಬಿಗೆ ಗೊತ್ತಾಗದಂತೆ ಅವನ ಮೆಸೇಜಿನ ಹೊತ್ತಿಗೆ ಎದೆ ಕಾಯತೊಡಗಿತು.

ಹಾಗೆ ಸೋತ ಒಂದು ಸಂಜೆ ಅವಳು ಅಬ್ಬಾನ ವಿಷಯ ಬರೆದಿದ್ದು. ಬರೆದ ಮೇಲೆ ಎರಡು ಗಂಟೆ ಉತ್ತರ ಬರಲಿಲ್ಲ. ಆಮೇಲೆ ಬಂತು.

"ಇಪ್ಪತ್ತು ನಿಮಿಷ ಬಾಗಿಲಲ್ಲೇ ನಿಂತಿದ್ರಲ್ಲ. ಓಡಿ ಹೋಗಲಿಲ್ಲ."

ಆ ಸಾಲನ್ನು ಓದಿ ಗುಬ್ಬಿ ಅತ್ತಿದ್ದಳು. ಇವನನ್ನೇ ಮದುವೆಯಾಗಬೇಕು ಎಂದು ಆ ಕ್ಷಣ ತೀರ್ಮಾನಿಸಿದ್ದಳು.

ನಕಲು ತನ್ನ ವಲಿಯಾದ ಚಾಚಾಗೆ ಹೋಗುತ್ತದೆ ಎಂಬುದನ್ನು ಅವಳು ಮರೆತಿರಲಿಲ್ಲ. ಆದರೆ ಚಾಚಾ ಮೊದಲ ದಿನವೇ ಹೇಳಿದ್ದರು: "ನಾನು ಮೂವತ್ತೊಂದು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದೋನು. ಒಬ್ಬರ ಕಾಗದ ಇನ್ನೊಬ್ಬರು ಓದಬಾರದು. ನಾನು ತೆರೆದೂ ನೋಡಲ್ಲ ಮಗಳೇ, ಧೈರ್ಯವಾಗಿ ಮಾತಾಡು." ಚಾಚಾ ಸುಳ್ಳು ಹೇಳುವ ಜಾತಿಯವರಲ್ಲ.

ಹಾಗಾದರೆ ಉಳಿದವನು ಒಬ್ಬನೇ.

ಆ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಗುಬ್ಬಿ ಅವನನ್ನು ಬ್ಲಾಕ್ ಮಾಡಿದಳು.

* * *

ಸಂಜೆ ಅಮ್ಮಿ ಅತಿಥಿಗಳು ಕುಡಿದ ಕಪ್ಪುಗಳನ್ನು ತೊಳೆಯುತ್ತಿದ್ದರು. ಗುಬ್ಬಿ ಪಕ್ಕದಲ್ಲಿ ನಿಂತು ಒರೆಸುತ್ತಿದ್ದಳು. ತಾನೇ ಬಾಯಿ ತೆರೆಯಬೇಕು ಎಂದು ಗೊತ್ತಿತ್ತು. ಒರೆಸಿದ ಕಪ್ಪನ್ನೇ ಮತ್ತೆ ಒರೆಸಿದಳು.

"ಆವತ್ತು ನೀನು ಮನೇಲಿ ಇರಲಿಲ್ಲ ಅಂದ್ಕೊಂಡಿದ್ದೆ," ಎಂದರು ಅಮ್ಮಿ, ಬೆನ್ನು ತಿರುಗಿಸದೆ.

"ಇದ್ದೆ."

"ಹ್ಞೂಂ."

ನಲ್ಲಿ ಹರಿಯುತ್ತಿತ್ತು.

"ಅಮ್ಮಿ, ನನ್ನ ಕಂಡ್ರೆ ನಿಮಗೆ..."

"ನನಗೂ ಹೇಸಿಗೆ ಆಗ್ತಿತ್ತು," ಎಂದರು ಅಮ್ಮಿ. "ಒಂದು ದಿನ ಅಲ್ಲ, ದಿನಾ. ಮೂಗಿಗೆ ದುಪಟ್ಟಾ ಕಟ್ಕೊಂಡು ಹೋಗ್ತಿದ್ದೆ. ನಿಮ್ಮ ಅಬ್ಬಾಗೆ ಅದು ಕಾಣಿಸ್ತಿತ್ತು. ಒಂದು ಸಲ ಅವರೇ ನಗ್ತಾ, 'ಏನೇ, ಡಕಾಯಿತಿಗೆ ಹೊರಟ್ಯಾ?' ಅಂದ್ರು. ನಾನು ಹೊರಗೆ ಬಂದು ಅತ್ತೆ. ಇದನ್ನ ನಾನು ಯಾರಿಗೂ ಹೇಳಿಲ್ಲ. ಆ ಹೆಂಗಸು ಓದದೆ ಇದ್ದಿದ್ರೆ ಇವತ್ತೂ ಹೇಳ್ತಿರಲಿಲ್ಲ."

ಗುಬ್ಬಿ ಅಮ್ಮಿಯ ಒದ್ದೆ ಭುಜಕ್ಕೆ ಹಣೆ ಒತ್ತಿದಳು.

"ಆದ್ರೆ ಆ ಹುಡುಗ," ಎಂದರು ಅಮ್ಮಿ ಕಪ್ಪನ್ನು ಕವುಚಿ ಇಡುತ್ತ, "ಬಾಯಿ ಇದ್ದೂ ಮೂಗನ ಹಾಗೆ ಕೂತಿದ್ದ ನೋಡು. ಅದು ನನಗೆ ಸೇರಲಿಲ್ಲ."

ಗುಬ್ಬಿಗೂ ಸೇರಿರಲಿಲ್ಲ. ಆ ವಾರವಿಡೀ ಲ್ಯಾಬಿನಲ್ಲಿ ಮುಚ್ಚಳ ತೆರೆಯುವಾಗೆಲ್ಲ ಅದೇ ಕೆಂಪು ಕಿವಿ, ಅದೇ ಜಮಖಾನೆ ನೆನಪಾಗುತ್ತಿತ್ತು. ಹಗಲಿನ ಅತಿ ಹೇಸಿಗೆಯ ಸಂಗತಿಯನ್ನು ಹೇಳಲು ಸಂಜೆಯಾದರೆ ಬೆರಳು ಫೋನಿನ ಕಡೆ ಹೋಗುತ್ತಿತ್ತು. ಆಮೇಲೆ ಆ ಬೆರಳಿನ ಮೇಲೂ ಹೇಸಿಗೆಯಾಗುತ್ತಿತ್ತು.

* * *

ಶನಿವಾರ ಬೆಳಿಗ್ಗೆ ಎಂಟೂವರೆಗೆ ಚಾಚಾ ಬಂದರು. ಕೈಯಲ್ಲಿ ಫೋನು, ಮುಖದಲ್ಲಿ ಕಚೇರಿಯ ಗಾಂಭೀರ್ಯ.

"ಗುಬ್ಬಿ, ನೆನ್ನೆಯ ನಕಲು ಬಂದೇ ಇಲ್ಲವಲ್ಲ. ನೆಟ್ಟು ಏನಾದ್ರೂ ಕೆಟ್ಟಿದೆಯಾ?"

"ನಾನು ಮಾತಾಡಿಲ್ಲ ಚಾಚಾ. ಬ್ಲಾಕ್ ಮಾಡಿದೀನಿ."

"ಓ, ಹಾಗಾ. ಹಾಗಾದ್ರೆ ಅವರಿಗೆ ಏನು ಹೇಳಲಿ? ಹುಡುಗನ ತಾಯಿ ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ರು. ಅವನು ಮನೇಲಿ ಒಂದು ವಾರದಿಂದ ಬಾಯಿ ಬಿಡ್ತಿಲ್ಲವಂತೆ. ನಿನಗೇನಾದ್ರೂ ಬರೆದಿದಾನಾ, ಈ ವಾರದ್ದು ಯಾಕೆ ಕಳಿಸಿಲ್ಲ ಅಂತ ಕೇಳಿದ್ರು."

ಗುಬ್ಬಿ ಸ್ಕಾರ್ಫಿಗೆ ಪಿನ್ನು ಹಾಕುತ್ತಿದ್ದವಳು ಹಾಗೇ ನಿಂತಳು.

"ಈ ವಾರದ್ದು... ಕಳಿಸೋದಾ?"

"ಹ್ಞೂಂ. ಪ್ರತಿ ಶುಕ್ರವಾರ ಕಳಿಸ್ತಿದ್ದೆನಲ್ಲ."

"ಯಾರಿಗೆ ಚಾಚಾ?"

"ಅವರಿಗೇ. ಮೊದಲ ತಿಂಗಳೇ ಅವರು ಫೋನಿನಲ್ಲಿ ಕೇಳಿದ್ರು. 'ಹೆಣ್ಣಿನ ಕಡೆಯವರಿಗೆ ನಕಲು ಸಿಗುತ್ತೆ, ಗಂಡಿನ ಕಡೆಯವರು ಏನು ಪಾಪ ಮಾಡಿದೀವಿ' ಅಂತ. ಮಾತು ನ್ಯಾಯವಾಗಿತ್ತು. ಎರಡೂ ಮನೆಗೂ ಒಂದೇ ಅಳತೆ ಇರಬೇಕಲ್ವಾ? ಬಂದ ಹಾಗೇ ಮುಂದೆ ಕಳಿಸ್ತಿದ್ದೆ." ಚಾಚಾ ಎದೆಯ ಮೇಲೆ ಕೈ ಇಟ್ಟರು. "ಒಂದಕ್ಷರ ಓದಿಲ್ಲ ಮಗಳೇ. ದೇವರಾಣೆ."

ಅಡುಗೆಮನೆಯಿಂದ ಅಮ್ಮಿ ಸೌಟು ಹಿಡಿದೇ ಹೊರಗೆ ಬಂದರು.

"ನೀವು ಓದಿದ್ರೇ ಚೆನ್ನಾಗಿತ್ತಲ್ಲ ಭಾಯಿ," ಎಂದರು. "ಓದಿದ್ರೆ ಕಳಿಸ್ತಿರಲಿಲ್ಲ."

ಗುಬ್ಬಿ ಎಲ್ಲವನ್ನೂ ಹೇಳಿದಳು. ಭಾನುವಾರ ಏನು ಓದಲಾಯಿತು, ಯಾರ ಎದುರು ಓದಲಾಯಿತು. ಚಾಚಾ ಕೇಳುತ್ತ ಕೇಳುತ್ತ ಕುರ್ಚಿಯ ಅಂಚಿಗೆ ಕೂತರು. ಅಣ್ಣನ ವಿಷಯ ಬಂದಾಗ ಕಣ್ಣು ಮುಚ್ಚಿಕೊಂಡರು.

"ನಾನು... ಮನೆಗೆ ತಲುಪಿಸಿದೆ," ಎಂದರು ಕೊನೆಗೆ. "ಯಾರ ಮನೆ ಅಂತ ನೋಡಲಿಲ್ಲ."

ಗುಬ್ಬಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದಿದ್ದು ಹೇಸಿಗೆ, ಅದೂ ತನ್ನ ಮೇಲೆ. ನಾಲ್ಕು ತಿಂಗಳು ಒಬ್ಬ ಹೆಂಗಸು ಕನ್ನಡಕ ಏರಿಸಿಕೊಂಡು, ನಾಲಗೆಗೆ ಬೆರಳು ತಾಗಿಸಿಕೊಂಡು ತನ್ನ ಸಂಜೆಗಳನ್ನೆಲ್ಲ ತಿರುವಿ ಓದಿದ್ದಾಳೆ. ತಾನೋ ಸಿಕ್ಕ ಮೊದಲ ಕುತ್ತಿಗೆಗೆ ತಪ್ಪು ನೇತುಹಾಕಿ ಅವನಿಗೆ ಬಾಗಿಲು ಮುಚ್ಚಿದ್ದಳು.

'ಆದರೆ ಅವನು ಯಾಕೆ ನಾನಲ್ಲ ಅನ್ನಲಿಲ್ಲ?'

ಆ ಪ್ರಶ್ನೆ ಹಾಗೇ ಉಳಿದಿತ್ತು. ಅದಕ್ಕೆ ಉತ್ತರ ಸಿಗದೆ ಬ್ಲಾಕ್ ತೆಗೆಯಲು ಅವಳು ಸಿದ್ಧಳಿರಲಿಲ್ಲ.

* * *

ಪ್ರತಿ ತಿಂಗಳ ಮೊದಲ ಸೋಮವಾರ ಅವನು ಐದು ಮಹಡಿಯ ಬಟ್ಟೆ ಅಂಗಡಿಯೊಂದರ ಲಿಫ್ಟ್ ಸರ್ವೀಸಿಗೆ ಹೋಗುತ್ತಾನೆ. ಅಲ್ಲಿನ ಗುಂಡಿಯಷ್ಟು ಗಲೀಜು ಊರಿನಲ್ಲಿ ಇನ್ನೊಂದಿಲ್ಲ ಎಂದು ಅವನೇ ಬರೆದಿದ್ದ. ಗುಬ್ಬಿ ಅರ್ಧ ದಿನ ರಜೆ ಬರೆದು ಮಧ್ಯಾಹ್ನ ಎರಡಕ್ಕೆ ಅಲ್ಲಿಗೆ ಹೋದಳು.

ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ಮುಂದೆ ಹಳದಿ ಅಡ್ಡಗಟ್ಟೆ. ಲಿಫ್ಟು ಎಲ್ಲೋ ಮೇಲೆ ನಿಂತಿತ್ತು. ಬಾಗಿಲಿನ ಕೆಳಗೆ, ಆಳೆತ್ತರದ ಗುಂಡಿಯಲ್ಲಿ, ತಲೆಗೆ ದೀಪ ಕಟ್ಟಿಕೊಂಡು ಅವನು ಬಗ್ಗಿ ಕೆರೆಯುತ್ತಿದ್ದ. ಒಣಗಿದ ಉಗುಳು, ಕೂದಲು ಸುತ್ತಿಕೊಂಡ ಬಾಚಣಿಗೆ, ಕಪ್ಪಾದ ಗ್ರೀಸು. ಇಲಿ ಸತ್ತ ವಾಸನೆ.

"ಒಂದು ಮಾತು ಕೇಳಬೇಕು," ಎಂದಳು ಗುಬ್ಬಿ.

ದೀಪ ಮೇಲೆ ತಿರುಗಿತು. ಅವಳ ಕಣ್ಣು ಕುಕ್ಕಿತು. ಅವನು ಗಾಬರಿಯಿಂದ ಅದನ್ನು ಆರಿಸಿದ.

"ಹತ್ತಿರ ಬರಬೇಡಿ. ವಾಸನೆ ಇದೆ."

"ಬೆಳಿಗ್ಗೆಯಿಂದ ಹತ್ತೊಂಬತ್ತು ಡಬ್ಬಿ ತೆರೆದು ಬಂದಿದೀನಿ. ನನಗೆ ವಾಸನೆ ಹೇಳಬೇಡಿ." ಅವಳು ಅಡ್ಡಗಟ್ಟೆಯ ಕಂಬಿ ಹಿಡಿದಳು. "ಹಾಳೆ ಕೊಟ್ಟೋರು ನೀವಲ್ಲ ಅಂತ ಗೊತ್ತಾಯ್ತು. ನಮ್ಮ ಚಾಚಾ. ನಿಮ್ಮ ಮೇಲೆ ಸಂಶಯ ಪಟ್ಟಿದ್ದು ನನ್ನ ತಪ್ಪು. ಅದನ್ನ ಒಪ್ಕೋತೀನಿ. ಆದ್ರೆ ನೀವು ಬಾಯಿ ಯಾಕೆ ಬಿಡಲಿಲ್ಲ?"

ಅವನು ಮಾಸ್ಕು ಕೆಳಗೆ ಎಳೆದ.

"ಸುಳ್ಳು ಹೇಳಬಹುದು," ಎಂದ. "ದೊಡ್ಡವರ ಮಧ್ಯೆ ಮಾತಾಡಬಾರದು ಅಂತಿದ್ದೆ ಅನ್ನಬಹುದು."

"ಅದನ್ನ ಕೇಳೋಕೆ ರಜೆ ಹಾಕಿ ಬಂದಿಲ್ಲ."

"ಹೆದರಿದೆ. ಅಮ್ಮ ಓದ್ತಾ ಹೋದಾಗ, ಇನ್ನು ನನ್ನದೂ ಓದಿಬಿಡ್ತಾರೆ ಅಂತ ಹೆದರಿದೆ. ಆ ಹಾಳೆಯಲ್ಲಿ ನನ್ನ ಉತ್ತರವೂ ಇತ್ತಲ್ಲ. 'ನೀವು ಓಡಿ ಹೋಗಲಿಲ್ಲ' ಅಂತ. ಅದನ್ನ ಎಲ್ಲರ ಎದುರು ಓದಿ ನನ್ನ ಮುಖ ನೋಡಿದ್ರೆ ಅಮ್ಮನಿಗೆ ತಕ್ಷಣ ಗೊತ್ತಾಗ್ತಿತ್ತು, ಓಡಿ ಹೋದವನು ಯಾರು ಅಂತ."

"ಯಾರು?"

"ನಾನೇ. ನಮ್ಮ ಅಜ್ಜಿ ನಾಲ್ಕು ತಿಂಗಳು ಹಾಸಿಗೆಯಲ್ಲಿದ್ರು. ಅಮ್ಮ ಒಬ್ಬರೇ ಎಲ್ಲ ಮಾಡಿದ್ರು. ನಾನು ಓವರ್‌ಟೈಮ್ ಇದೆ ಅಂತ ಹೇಳಿ ಬಸ್ ಸ್ಟ್ಯಾಂಡಲ್ಲಿ ಕೂತಿರ್ತಿದ್ದೆ. ಓವರ್‌ಟೈಮ್ ಇರಲಿಲ್ಲ. ಈ ಗುಂಡಿ ನನಗೆ ಏನೂ ಅಲ್ಲ. ಆ ಕೋಣೆಗೆ ಮಾತ್ರ ಹೋಗೋಕೆ ಆಗಲಿಲ್ಲ. ನೀವು ಆ ಮೆಸೇಜ್ ಹಾಕಿದ ದಿನ ಎರಡು ಗಂಟೆ ಫೋನ್ ಹಿಡ್ಕೊಂಡು ಕೂತಿದ್ದೆ. ನನ್ನದೂ ಬರೀಬೇಕು ಅಂತ. ಬರೆಯೋಕೆ ಧೈರ್ಯ ಬರಲಿಲ್ಲ. ಅದಕ್ಕೆ ನಿಮ್ಮನ್ನ ಹೊಗಳಿ ಕೈ ತೊಳ್ಕೊಂಡೆ."

ಗುಬ್ಬಿಗೆ ಏನಾಯಿತೆಂದು ಅವಳಿಗೇ ತಿಳಿಯಲಿಲ್ಲ. ತಾನು ಅತ್ತು ಎದೆಗೊತ್ತಿಕೊಂಡಿದ್ದ ಸಾಲು ಅದು. ಅದರ ಒಳಗೆ ಇಷ್ಟು ಕೊಳಕಿತ್ತೇ?

"ಹೇಸಿಗೆ ಆಗುತ್ತೆ," ಎಂದಳು.

"ಗೊತ್ತು."

"ನಿಮ್ಮ ಅಮ್ಮನ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇರಲಿಲ್ಲ. ನಿಮ್ಮ ಹತ್ತಿರ ಇತ್ತು. ಇಟ್ಕೊಂಡು ಸುಮ್ಮನೆ ಕೂತ್ರಿ."

"ಹೌದು." ಅವನು ತಲೆ ಎತ್ತಿದ. "ಮೊನ್ನೆ ಶನಿವಾರ ಅಮ್ಮನಿಗೆ ಹೇಳಿದೆ. ಬಸ್ ಸ್ಟ್ಯಾಂಡಿನ ವಿಷಯ. 'ಅವಳು ಇಪ್ಪತ್ತು ನಿಮಿಷ ಹೊರಗಿದ್ದಳು, ನಾನು ನಾಲ್ಕು ತಿಂಗಳು ಹೊರಗಿದ್ದೆ. ಆ ಪ್ರಶ್ನೆ ನನಗೆ ಯಾಕೆ ಒಂದು ದಿನವೂ ಕೇಳಲಿಲ್ಲ?' ಅಂದೆ."

"ಏನಂದ್ರು?"

"'ನೀನು ಗಂಡಸು' ಅಂದ್ರು. ಆಮೇಲೆ ಊಟದ ತಟ್ಟೆ ನನ್ನ ಮುಂದೆ ಕುಕ್ಕಿ, 'ಇನ್ನು ಮೇಲೆ ನೀನೇ ತೊಳಿ' ಅಂದ್ರು. ಎರಡು ದಿನದಿಂದ ನಾನೇ ತೊಳೀತಿದೀನಿ."

ಗುಬ್ಬಿಗೆ ನಗು ಬಂತು. ಬಂದ ನಗುವನ್ನು ನುಂಗಿದಳು. ಪೂರ್ತಿ ನುಂಗಲಾಗಲಿಲ್ಲ.

ಅವನು ಗೋಡೆಯ ಕಬ್ಬಿಣದ ಏಣಿ ಹತ್ತಿ ಮೇಲೆ ಬಂದ. ಅಡ್ಡಗಟ್ಟೆಯ ಆಚೆ ಅವನು, ಈಚೆ ಅವಳು. ಕೈಗವಸು ಕಳಚಿದ. ಒಳಗಿನ ಬೆರಳುಗಳೂ ಕಪ್ಪಾಗಿದ್ದವು. ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈಗಳನ್ನು ದೇಹದಿಂದ ದೂರ ಹಿಡಿದು ನಿಂತ.

ಗುಬ್ಬಿ ಚೀಲದಿಂದ ಕೈ ತೊಳೆಯುವ ಸ್ಪಿರಿಟಿನ ಪುಟ್ಟ ಬಾಟಲಿ ತೆಗೆದಳು.

"ಹಿಡೀರಿ."

ಅವನು ಬೊಗಸೆ ಒಡ್ಡಿದ. ಅವಳು ಒಂದು ಗೇಣು ಮೇಲಿನಿಂದ ಸುರಿದಳು. ಬಾಟಲಿ ಬೆರಳಿಗೆ ತಾಗಲಿಲ್ಲ, ಬೆರಳು ಬೆರಳಿಗೆ ತಾಗಲಿಲ್ಲ. ಆದರೂ ಅವನ ಕಿವಿ ಕೆಂಪಾಯಿತು. ಆವತ್ತಿನ ಕೆಂಪಲ್ಲ ಅದು ಎಂದು ಗುಬ್ಬಿಗೆ ಗೊತ್ತಾಯಿತು.

"ಇನ್ನೊಂದು ಸಲ," ಎಂದಳು. "ಹೋಗಿಲ್ಲ."

"ಇದು ಮೂರು ದಿನ ಹೋಗಲ್ಲ. ಗ್ರೀಸು."

"ಹೋಗೋವರೆಗೆ ಉಜ್ಜಿ."

ಉಜ್ಜುತ್ತಲೇ ಅವನು ಹೇಳಿದ, ಅವಳನ್ನು ನೋಡದೆ: "ನನಗೆ ನೀವು ಬೇಕು. ನಿಮ್ಮ ಪಂದ್ಯ ಇಲ್ಲದ ಒಂಬತ್ತು ಸಂಜೆ... ನಾನು ನೋಡಿದ್ದನ್ನೆಲ್ಲ ಯಾರಿಗೂ ಹೇಳದೆ ಇಟ್ಕೊಂಡಿದೀನಿ. ಅದು ಕೊಳೀತಿದೆ."

"ಎಂಟು ಸಂಜೆ," ಎಂದಳು ಗುಬ್ಬಿ. "ಇವತ್ತಿನದು ಇನ್ನೂ ಆಗಿಲ್ಲ."

ಅವನು ಈಗ ಅವಳನ್ನು ನೋಡಿದ.

"ಮುಂದೆ ಯಾರಾದ್ರೂ ನನ್ನನ್ನ ಆವತ್ತಿನ ಹಾಗೆ ಕೂರಿಸಿ ಓದಿದ್ರೆ?" ಅವಳು ಕೇಳಿದಳು.

"ಬಾಯಿ ಬಿಡ್ತೀನಿ."

"ಅಷ್ಟು ಸಲೀಸಾಗಿ ಹೇಳಬೇಡಿ."

"ತಡವರಿಸ್ತೀನಿ. ಬೆವರ್ತೀನಿ. ಆದ್ರೂ ಬಿಡ್ತೀನಿ."

"ಇದನ್ನ ನಂಬಬಹುದು," ಎಂದಳು ಗುಬ್ಬಿ. ಆಮೇಲೆ ಮೆಲ್ಲಗೆ, "ನನಗೂ ನೀವೇ ಬೇಕು" ಎಂದಳು.

ಲಿಫ್ಟು ಮೂರೂಕಾಲಿಗೆ ಓಡತೊಡಗಿತು. ಐದು ತಿಂಗಳ ನಂತರ, ಮಗ ಪಟ್ಟು ಹಿಡಿದು ತಾಯಿಯನ್ನು ಒಪ್ಪಿಸಿದ ಮೇಲೆ, ನಿಕಾಹ್ ಆಯಿತು. ಮೆಕ್ಯಾನಿಕನ ತಾಯಿ ಬಂದು ಮುಂದಿನ ಸಾಲಿನಲ್ಲೇ ಕೂತರು. ಮದುವೆಯಾದ ಮೇಲೆ ಮೂರು ವಾರ ಸೊಸೆಯೊಂದಿಗೆ ಮಾತಾಡಲಿಲ್ಲ.